ಹುಲಿಗುಡ್ಡಕ್ಕೆ ಅಡ್ಡದಾರಿ



ರಾಜಕೀಯದ ಹಾಡು ಅಂದಕೂಡಲೆ ನಮ್ಮ ಕಿವಿಗೆ ಬರುವುದು ತಮಟೆಯ ಸದ್ದು ಮತ್ತು ಹತ್ತು ಜನ ಒಟ್ಟಿಗೆ ಹೇಳಬಹುದಾದ ಪಲ್ಲವಿ. ಇವತ್ತು ನಾನು ಮಾತಾಡಲಿರುವ ಗ್ರಾಮಫೋನ್ ತಟ್ಟೆಯಲ್ಲಿ ಅವೆರಡೂ ಇಲ್ಲ. ಅಲ್ಲಿ ಟೈಪ್‌ರೈಟರ್ ಒಂದು ತಾಳ ಹಾಕುತ್ತದೆ. ಪಿಟೀಲು ಬಾರದವರು ಪಿಟೀಲು ನುಡಿಸುತ್ತಾರೆ. ಆದರೂ ಅದು ರಾಜಕೀಯದ ತಟ್ಟೆಯೇ. ಹೇಗೆ ಅನ್ನುವುದೇ ಈ ಹೊತ್ತಿನ ಮಾತು.

ತಟ್ಟೆಯ ಹೆಸರು 'ಟೇಕಿಂಗ್ ಟೈಗರ್ ಮೌಂಟನ್ (ಬೈ ಸ್ಟ್ರಾಟಜಿ)'. ಉಪಾಯದಿಂದ ಹುಲಿಗುಡ್ಡ ಗೆದ್ದ ಕಥೆ ಅಂದುಕೊಳ್ಳಿ. 1974ರ ನವೆಂಬರಿನಲ್ಲಿ ಇಂಗ್ಲೆಂಡಿನ ಐಲೆಂಡ್ ಕಂಪನಿ ಹೊರತಂದ ಎಲ್ಪಿ ಇದು. ಮಾಡಿದವರು ಬ್ರಯಾನ್ ಈನೋ, ಆಗ ಅವರ ವಯಸ್ಸು 26. ಪೂರ್ವ ಇಂಗ್ಲೆಂಡಿನ ಸಫೋಕ್‌ನಲ್ಲಿ ಪೋಸ್ಟ್‌ಮನ್ ಒಬ್ಬರ ಮಗನಾಗಿ ಹುಟ್ಟಿ, ಚಿತ್ರಕಲಾ ಶಾಲೆಯಲ್ಲಿ ಓದಿದವರು. ಸಂಗೀತವನ್ನು ಯಾರ ಹತ್ತಿರವೂ ಕೂತು ಕಲಿತವರಲ್ಲ. ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಇದು ನನ್ನ ವಾದ್ಯ ಎಂದು ಹೇಳಿಕೊಳ್ಳುವಷ್ಟು ಯಾವುದರಲ್ಲೂ ಕೈ ಪಳಗಿರಲಿಲ್ಲ. ಟೇಪ್ ರೆಕಾರ್ಡರ್ ಮಾತ್ರ ಅವರು ಹೇಳಿದ ಹಾಗೆ ಕೇಳುತ್ತಿತ್ತು. ತಾನು ಸಂಗೀತಗಾರನಲ್ಲ ಎಂದು ಅವರು ಹೆಮ್ಮೆಯಿಂದಲೇ ಹೇಳಿಕೊಂಡು ತಿರುಗುತ್ತಿದ್ದರು.

ಇಂಥವರು ಮೊದಲು ಹೆಸರಾದದ್ದು ರಾಕ್ಸಿ ಮ್ಯೂಸಿಕ್ ಎಂಬ ತಂಡದಲ್ಲಿ. ಅದು ಗ್ಲ್ಯಾಮ್ ರಾಕ್‌ನ ಕಾಲ. ಗಂಡಸರು ತುಟಿಗೆ ಬಣ್ಣ, ಕಣ್ಣಿಗೆ ಕಾಡಿಗೆ, ಮೈಗೆ ಮಿರುಗುವ ಬಟ್ಟೆ, ಕಾಲಿಗೆ ಎತ್ತರದ ಹಿಮ್ಮಡಿಯ ಬೂಟು ಹಾಕಿ ವೇದಿಕೆಗೆ ಬರುತ್ತಿದ್ದ ಮೂರು ನಾಲ್ಕು ವರ್ಷ. ಗಂಡಸು ಬಣ್ಣ ಹಚ್ಚಿಕೊಂಡು ರಂಗಕ್ಕೆ ಬರುವುದು ಯಕ್ಷಗಾನ ನೋಡಿ ಬೆಳೆದ ನಮಗೆ ಸೋಜಿಗದ ಸಂಗತಿ ಅಲ್ಲ. ಇಂಗ್ಲೆಂಡಿನ ಮಧ್ಯಮ ವರ್ಗದ ಮನೆಗಳಲ್ಲಿ ಮಾತ್ರ ಟಿವಿ ಮುಂದೆ ಕೂತ ಅಪ್ಪಂದಿರು ಹೌಹಾರಿದರು. ಮೊದಮೊದಲು ಈನೋ ಸಭಾಂಗಣದ ಹಿಂಬದಿಯಲ್ಲಿ, ಧ್ವನಿ ಬೆರೆಸುವ ಮೇಜಿನ ಹಿಂದೆ ನಿಂತು ಸಿಂಥಸೈಜರಿನ ಗುಂಡಿ ತಿರುಗಿಸುತ್ತಿದ್ದರು. ಆಮೇಲೆ ಹಕ್ಕಿಗರಿಗಳ ಅಂಗಿ ತೊಟ್ಟು ಮುಂದಕ್ಕೆ ಬಂದರು. ಹಾಡುಗಾರ ಬ್ರಯಾನ್ ಫೆರಿ ನಡುವೆ ನಿಂತು ಹಾಡುತ್ತಿದ್ದರೆ ಕ್ಯಾಮೆರಾಗಳು ಪಕ್ಕದ ಗರಿಯವನ ಕಡೆ ತಿರುಗಿದವು. ಒಂದೇ ತಂಡದಲ್ಲಿ ಇಬ್ಬರು ಬ್ರಯಾನ್‌ಗಳಿಗೆ ಜಾಗ ಸಾಲಲಿಲ್ಲ. 1973ರ ಬೇಸಿಗೆಯಲ್ಲಿ ಈನೋ ಹೊರಬಂದರು. 1974ರ ಶುರುವಿಗೆ ಒಂಟಿಯಾಗಿ ಮೊದಲ ಎಲ್ಪಿ ಬಂತು, ಆ ವರ್ಷ ಮುಗಿಯುವುದರೊಳಗೆ ಈ ಎರಡನೆಯದು.

ಆ 1974 ಬ್ರಿಟನ್ನಿಗೆ ಎಂಥ ವರ್ಷ ಎಂದು ತಿಳಿದರೆ ಒಳ್ಳೆಯದು. ಗಣಿ ಕಾರ್ಮಿಕರ ಹೋರಾಟದಿಂದ ಕಲ್ಲಿದ್ದಲಿಗೆ ಕೊರತೆ. ವಿದ್ಯುತ್ ಉಳಿಸಲು ಜನವರಿಯಿಂದ ಮಾರ್ಚ್‌ವರೆಗೆ ಕಾರ್ಖಾನೆ, ಕಚೇರಿಗಳಿಗೆಲ್ಲ ವಾರಕ್ಕೆ ಮೂರೇ ದಿನ ಕರೆಂಟು. ಒಂದೇ ವರ್ಷದಲ್ಲಿ ಎರಡು ಸಾರ್ವತ್ರಿಕ ಚುನಾವಣೆ. ಕಲಾವಿದರಾದವರು ಯಾವ ಪಕ್ಷ ಎಂದು ಬಾಯಿಬಿಟ್ಟು ಹೇಳಲೇಬೇಕಾದ ಒತ್ತಡದ ವಾತಾವರಣ. ಎಪ್ಪತ್ತರ ದಶಕದಲ್ಲಿ ನಮ್ಮ ಸಾಹಿತ್ಯದಲ್ಲೂ ಇಂಥದೇ ಜಗಳ ನಡೆದದ್ದು ಹಿರಿಯ ಕೇಳುಗರಿಗೆ ನೆನಪಿರಬಹುದು.

ಈನೋ ಏನು ಮಾಡಿದರು? ಅಮೆರಿಕಾದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದಾಗ ಅಲ್ಲಿನ ಚೈನಾಟೌನಿನ ಅಂಗಡಿಯೊಂದರಲ್ಲಿ ಒಂದು ಕಟ್ಟು ಚಿತ್ರಕಾರ್ಡು ಕೊಂಡರು. ಚೀನಾದ ಒಂದು ಕ್ರಾಂತಿ ನಾಟಕದ ದೃಶ್ಯಗಳ ಕಾರ್ಡುಗಳು ಅವು. ತಟ್ಟೆಯ ಹೆಸರು ಆ ನಾಟಕದ್ದೇ.

ನಾಟಕದ ವಿಚಾರ ಸ್ವಲ್ಪ ಹೇಳುತ್ತೇನೆ, ಚೆನ್ನಾಗಿದೆ. ಪೀಕಿಂಗ್ ಆಪೆರಾ ಎಂಬ ಹಳೆಯ ಗೀತನಾಟಕ ಪದ್ಧತಿಯಲ್ಲಿ ರಾಜರು, ಸೇನಾಪತಿಗಳು, ಸುಂದರಿಯರು ತುಂಬಿದ್ದರು. ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ಚೀನಾದ ನಾಯಕ ಮಾವೋ ಅವರ ಹೆಂಡತಿ ಜಿಯಾಂಗ್ ಚಿಂಗ್ ಈ ಪಾತ್ರಗಳನ್ನೆಲ್ಲ ರಂಗದಿಂದ ಇಳಿಸಿ, ಸೈನಿಕರನ್ನೂ ರೈತರನ್ನೂ ಹತ್ತಿಸಿದರು. ದೇಶವಿಡೀ ಆಡಬೇಕಾದ ಮಾದರಿ ಕೃತಿಗಳು ಇಷ್ಟೇ ಎಂದು ಎಂಟನ್ನು ಗೊತ್ತುಮಾಡಲಾಯಿತು. ಅವುಗಳಲ್ಲಿ ಹುಲಿಗುಡ್ಡದ ನಾಟಕವೂ ಒಂದು. ಮೂಲ ಕಥೆ ಚೂ ಬೋ ಎಂಬ ಲೇಖಕರ 1957ರ ಕಾದಂಬರಿಯದು. 1946ರ ಚಳಿಗಾಲ, ಈಶಾನ್ಯ ಚೀನಾದ ಹಿಮ ಮುಚ್ಚಿದ ಕಾಡು. ಗುಡ್ಡದ ಮೇಲೆ ಡಕಾಯಿತರ ಕೋಟೆ. ನೇರ ದಾಳಿ ಮಾಡಿದರೆ ಗೆಲ್ಲುವ ಹಾಗಿಲ್ಲ. ಆಗ ಸೈನ್ಯದ ಯಾಂಗ್ ಜಿರೊಂಗ್ ಎಂಬ ಬೇಹುಗಾರ ಹುಲಿಚರ್ಮದ ಕೋಟು ತೊಟ್ಟು ಡಕಾಯಿತನ ವೇಷದಲ್ಲಿ ಒಬ್ಬನೇ ಹೊರಡುತ್ತಾನೆ. ರಂಗದ ಮೇಲೆ ಕುದುರೆ ಇರುವುದಿಲ್ಲ, ಕೈಯಲ್ಲಿ ಚಾವಟಿ ಇರುತ್ತದೆ. ಆ ಚಾವಟಿಯ ತಿರುವಿನಲ್ಲೇ ಕುದುರೆ ನೆಗೆಯುವುದು, ಜಾರುವುದು, ಹುಲಿ ಕಂಡು ಬೆಚ್ಚುವುದು ಎಲ್ಲ ಕಾಣಬೇಕು. ದಾರಿಯಲ್ಲಿ ಹುಲಿಯನ್ನು ಕೊಂದು ಮೇಲೆ ಹೋಗುತ್ತಾನೆ. ಡಕಾಯಿತರು ತಮ್ಮ ಗುಪ್ತ ಭಾಷೆಯಲ್ಲಿ ಸವಾಲು ಹಾಕುತ್ತಾರೆ, ಇವನು ತಡವರಿಸದೆ ಜವಾಬು ಕೊಡುತ್ತಾನೆ. ಒಂದು ನಕ್ಷೆಯನ್ನು ಕಾಣಿಕೆ ಕೊಟ್ಟು ನಾಯಕನ ನಂಬಿಕೆ ಗಳಿಸುತ್ತಾನೆ. ಕೊನೆಗೆ ನಾಯಕನ ಹುಟ್ಟುಹಬ್ಬದ ಔತಣದ ರಾತ್ರಿ ಎಲ್ಲರೂ ಕುಡಿದು ಬಿದ್ದಿರುವಾಗ ಸೈನ್ಯ ಒಳಗೆ ನುಗ್ಗುತ್ತದೆ.

ಗಮನಿಸಿ, ಇಲ್ಲಿ ಗೆಲ್ಲುವುದು ವೇಷ. ಬಣ್ಣ ಹಚ್ಚಿ ಗರಿ ಸಿಕ್ಕಿಸಿಕೊಂಡು ಹೆಸರು ಮಾಡಿದ ಗ್ಲ್ಯಾಮ್ ಹುಡುಗನಿಗೆ ಎಂಟು ಕ್ರಾಂತಿ ಕೃತಿಗಳಲ್ಲಿ ಇದೇ ಹಿಡಿಸಿತು ಎಂದರೆ ನನಗೆ ಆಶ್ಚರ್ಯವಾಗುವುದಿಲ್ಲ. ಎಲ್ಪಿಯ ಹೆಸರಿನಲ್ಲಿ 'ಬೈ ಸ್ಟ್ರಾಟಜಿ' ಎಂಬ ಭಾಗವನ್ನು ಕಂಸದೊಳಗೆ ಇಟ್ಟದ್ದೂ ಅವರದೇ ಕೈಚಳಕ. ಗುಡ್ಡಕ್ಕೆ ಏಣಿ ಹಾಕಿ ನುಗ್ಗುವುದು ಹಳೆಯ ಕಾಲದ ಮೈಬಲದ ಕೆಲಸ, ಉಪಾಯ ಹೂಡುವುದು ಇಪ್ಪತ್ತನೆಯ ಶತಮಾನದ ತಲೆಯ ಕೆಲಸ, ಎರಡೂ ಒಂದೇ ಹೆಸರಿನಲ್ಲಿ ಜೊತೆಯಾಗಿವೆ ಎಂಬ ಅರ್ಥದ ಮಾತನ್ನು ಅವರು ಸಂದರ್ಶನದಲ್ಲಿ ಹೇಳಿದ್ದುಂಟು. ತಾನು ಮಾವೋವಾದಿಯಲ್ಲ ಎಂದೂ ಸ್ಪಷ್ಟಪಡಿಸಿದರು.

ಆದರೆ ಅದೇ ಲಂಡನ್ನಿನಲ್ಲಿ, ಅದೇ 1974ರಲ್ಲಿ, ಅಪ್ಪಟ ಮಾವೋವಾದಿ ಸಂಗೀತಗಾರರೂ ಒಬ್ಬರಿದ್ದರು. ಹೆಸರು ಕಾರ್ನೀಲಿಯಸ್ ಕಾರ್ಡ್ಯೂ. ಜರ್ಮನಿಯ ದೊಡ್ಡ ಸಂಯೋಜಕ ಸ್ಟಾಕ್‌ಹೌಸನ್ ಅವರಿಗೆ ಸಹಾಯಕರಾಗಿದ್ದವರು. ಆ ಹಳೆಯ ಗುರುವೇ ಸಾಮ್ರಾಜ್ಯಶಾಹಿಯ ಸೇವಕ ಎಂದು 1974ರಲ್ಲಿ ಪುಸ್ತಕ ಬರೆದು, ತಮ್ಮ ಹಿಂದಿನ ಕೃತಿಗಳನ್ನೂ ತಾವೇ ತಳ್ಳಿಹಾಕಿದರು. ಮುಂದೆ ಕಾರ್ಮಿಕರಿಗಾಗಿ ನೇರವಾದ, ಸರಳವಾದ ಹೋರಾಟದ ಹಾಡು ಕಟ್ಟಿದರು. ಮಾತಿಗೆ ತಕ್ಕ ಹಾಗೆ ಬದುಕಿದ ಮನುಷ್ಯ. 1981ರ ಡಿಸೆಂಬರಿನಲ್ಲಿ ಪೂರ್ವ ಲಂಡನ್ನಿನ ರಸ್ತೆಯಲ್ಲಿ ಗುದ್ದಿ ಪರಾರಿಯಾದ ವಾಹನಕ್ಕೆ ಬಲಿಯಾದರು.

ಕಾರ್ಡ್ಯೂ ಅವರನ್ನು ಇಲ್ಲಿ ತಂದದ್ದಕ್ಕೆ ಕಾರಣವಿದೆ. ಕ್ರಾಂತಿಗೆ ತಿರುಗುವ ಮುಂಚೆ ಅವರು ಕನ್‌ಫ್ಯೂಷಿಯಸನ ಗ್ರಂಥವೊಂದನ್ನು ಆಧರಿಸಿ 'ದ ಗ್ರೇಟ್ ಲರ್ನಿಂಗ್' ಎಂಬ ದೀರ್ಘ ಕೃತಿ ರಚಿಸಿದ್ದರು. ಅದರ ಏಳನೆಯ ಭಾಗವನ್ನು ಹಾಡಲು ಹಾಡುಗಾರಿಕೆ ಕಲಿತಿರಬೇಕಾಗಿಲ್ಲ. ನಿಯಮ ಇಷ್ಟೇ: ಒಂದು ಸಾಲನ್ನು ನಿಮಗೆ ಬಂದ ಸ್ವರದಲ್ಲಿ, ಒಂದು ಉಸಿರಿನಷ್ಟು ಉದ್ದಕ್ಕೆ, ಹೇಳಿದಷ್ಟು ಸಲ ಹಾಡಿ. ಮುಂದಿನ ಸಾಲಿಗೆ ಹೋಗುವಾಗ ಅಕ್ಕಪಕ್ಕದವರು ಹಾಡುತ್ತಿರುವ ಸ್ವರಗಳಲ್ಲಿ ಒಂದನ್ನು ಹಿಡಿಯಿರಿ. ಕೈಬೀಸಿ ನಡೆಸುವ ನಿರ್ದೇಶಕ ಇಲ್ಲ. ಶುರುವಿನಲ್ಲಿ ಸಂತೆಯ ಗದ್ದಲ. ಸ್ವಲ್ಪ ಹೊತ್ತಿಗೆ, ಯಾರೂ ಹೇಳದಿದ್ದರೂ, ಆ ಕೋಣೆಗೆ ಒಗ್ಗುವ ನಾಲ್ಕಾರು ಸ್ವರಗಳ ಮೇಲೆ ಇಡೀ ಗುಂಪು ಬಂದು ನಿಲ್ಲುತ್ತದೆ. 1971ರಲ್ಲಿ ಇದನ್ನು ಧ್ವನಿಮುದ್ರಿಸಿದಾಗ ಹಾಡಿದವರ ಗುಂಪಿನಲ್ಲಿ ಈನೋ ಇದ್ದರು. 1976ರಲ್ಲಿ ಇದರ ಬಗ್ಗೆ ಒಂದು ಗಂಭೀರ ಲೇಖನವನ್ನೇ ಬರೆದರು. ಅದರಲ್ಲಿ ರಾಗ ತಾಳದ ಮಾತಿಗಿಂತ ಜನರನ್ನು ಸಂಘಟಿಸುವ ರೀತಿಯ ಮಾತೇ ಹೆಚ್ಚು. ಮೇಲಿನಿಂದ ಅಪ್ಪಣೆ ಬರುವ ವಾದ್ಯವೃಂದ ಒಂದು ಬಗೆಯ ಸಮಾಜ, ಪಕ್ಕದವನನ್ನು ಕೇಳಿ ದಾರಿ ಕಂಡುಕೊಳ್ಳುವ ಗುಂಪು ಇನ್ನೊಂದು ಬಗೆಯ ಸಮಾಜ ಎಂಬ ವಿಚಾರ.

ಕಾರ್ಡ್ಯೂ ತಮ್ಮ ಈ ಕೃತಿಯನ್ನು ಪ್ರಗತಿವಿರೋಧಿ ಎಂದು ಬಿಸಾಡಿದರು. ಈನೋ ಅದನ್ನು ಹೆಕ್ಕಿಕೊಂಡರು. ಹುಲಿಗುಡ್ಡದ ತಟ್ಟೆಯಲ್ಲಿ ರಾಜಕೀಯ ಇರುವುದು ಇಲ್ಲಿ, ಅಂದರೆ ಅದನ್ನು ಮಾಡಿದ ಬಗೆಯಲ್ಲಿ ಅನ್ನುವುದು ನನ್ನ ಅಭಿಪ್ರಾಯ. ಚೀನಾದ ಹೆಸರು ಬರೀ ಹೊದಿಕೆ.

ಉದಾಹರಣೆಗೆ 'ಪುಟ್ ಎ ಸ್ಟ್ರಾ ಅಂಡರ್ ಬೇಬಿ' ಎಂಬ ಜೋಗುಳ ತೆಗೆದುಕೊಳ್ಳಿ. ಕ್ಯಾಥೊಲಿಕ್ ಶಾಲೆಯಲ್ಲಿ ಓದಿದ ಹುಡುಗನ ಕಣ್ಣಿಗೆ ಕಂಡ ಸನ್ಯಾಸಿನಿಯರ, ಮಠದ ಲೋಕ ಅದರಲ್ಲಿದೆ. ಅದಕ್ಕೆ ಪಿಟೀಲು ಹಿಡಿದವರು ಪೋರ್ಟ್ಸ್‌ಮತ್ ಸಿನ್‌ಫೋನಿಯಾ ವಾದ್ಯವೃಂದದವರು. 1970ರಲ್ಲಿ ಪೋರ್ಟ್ಸ್‌ಮತ್ ಊರಿನ ಚಿತ್ರಕಲಾ ಕಾಲೇಜಿನಲ್ಲಿ ಗ್ಯಾವಿನ್ ಬ್ರೈಯರ್ಸ್ ಎಂಬ ಸಂಯೋಜಕರೂ ವಿದ್ಯಾರ್ಥಿಗಳೂ ಸೇರಿ ಕಟ್ಟಿದ ವೃಂದ. ಸೇರಬೇಕಾದರೆ ಒಂದೋ ನಿಮಗೆ ಸಂಗೀತ ಬರಬಾರದು, ಬರುವುದಾದರೆ ನಿಮಗೆ ಗೊತ್ತಿಲ್ಲದ ವಾದ್ಯ ಕೈಗೆತ್ತಿಕೊಳ್ಳಬೇಕು. ಅಭ್ಯಾಸಕ್ಕೆ ತಪ್ಪದೆ ಬರಬೇಕು. ಬೇಕೆಂದೇ ಕೆಡಿಸಬಾರದು. ಈ ಕೊನೆಯ ನಿಯಮವೇ ಮುಖ್ಯ. ಅಣಕಿಸಲು ಕೂತವರಲ್ಲ ಅವರು. ಬೀಥೋವನನ ಐದನೆಯ ಸಿಂಫನಿಯನ್ನು ಸರಿಯಾಗಿ ನುಡಿಸಬೇಕೆಂದು ನಿಜವಾಗಿ ಹೆಣಗುತ್ತಿದ್ದರು. ಅದು ಸರಿಯಾಗಿ ಬರುತ್ತಿರಲಿಲ್ಲ, ಅಷ್ಟೇ. ಈನೋ ಅಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು, ವೃಂದದ ಎಲ್ಪಿಯನ್ನೂ ನಿರ್ಮಿಸಿಕೊಟ್ಟರು. 1974ರ ಮೇ 28ರಂದು ಇವರೆಲ್ಲ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಕಛೇರಿ ನಡೆಸಿದರು! ಘಟಾನುಘಟಿಗಳು ಕೂತ ಜಾಗದಲ್ಲಿ ಏನೂ ಬಾರದವರು ಕೂತು ನುಡಿಸಿದರು.

ಈ ಜೋಗುಳದಲ್ಲಿ ಅವರ ಪಿಟೀಲುಗಳು ಬರುವ ಜಾಗವನ್ನು ದಯವಿಟ್ಟು ಗಮನ ಕೊಟ್ಟು ಕೇಳಿ. ಒಂದೇ ಸ್ವರಕ್ಕೆ ಹೊರಟ ಹತ್ತಾರು ಕಮಾನುಗಳು ಒಂದೊಂದು ಕೂದಲೆಳೆಯಷ್ಟು ಆಚೀಚೆ ನಿಲ್ಲುತ್ತವೆ. ಶ್ರುತಿ ಕೂಡಿದ ಪಿಟೀಲುಗಳಲ್ಲಿ ಎಲ್ಲರೂ ಸೇರಿ ಒಬ್ಬರಾಗಿಬಿಡುತ್ತಾರೆ. ಇಲ್ಲಿ ಒಬ್ಬೊಬ್ಬ ಮನುಷ್ಯನೂ ಬೇರೆಯಾಗಿ ಕೇಳುತ್ತಾನೆ, ಆದರೂ ಹಾಡು ಮುರಿಯುವುದಿಲ್ಲ. ಜೊತೆಗೆ ರಾಬರ್ಟ್ ವ್ಯಾಟ್ ಅವರ ತೆಳ್ಳಗಿನ ದನಿ. 1973ರಲ್ಲಿ ಮಹಡಿಯ ಕಿಟಕಿಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಡ್ರಮ್ ವಾದಕರು ಅವರು. ಈ ತಟ್ಟೆಯಲ್ಲಿ ತಾಳವಾದ್ಯಕ್ಕೂ ಕೂತರು, ಹಿಂದನಿಯನ್ನೂ ಕೊಟ್ಟರು. ಶಾಸ್ತ್ರೀಯ ಸಂಗೀತ ಕೇಳಿ ಬೆಳೆದ ನಮ್ಮ ಕಿವಿಗೆ ಅಪಶ್ರುತಿ ಸಹಿಸುವುದು ಕಷ್ಟ, ನನಗೂ ಕಷ್ಟ. ಇಲ್ಲಿ ಮಾತ್ರ ಅದನ್ನು ತಿದ್ದಬೇಕು ಅನ್ನಿಸುವುದಿಲ್ಲ.

ಇನ್ನು ವಿಮಾನದ ಹಾಡು. ಎಲ್ಪಿ ಶುರುವಾಗುವುದೇ 'ಬರ್ನಿಂಗ್ ಏರ್‌ಲೈನ್ಸ್ ಗಿವ್ ಯು ಸೋ ಮಚ್ ಮೋರ್' ಎಂಬ ಹಾಡಿನಿಂದ. ವಿಮಾನ ಕಂಪನಿಯ ಜಾಹೀರಾತಿನ ಧಾಟಿಯ ಹೆಸರು, ಮುಂದೆ ಉರಿಯುವ ಎಂಬ ಪದ ಸೇರಿದೆ. 1974ರ ಮಾರ್ಚ್ 3ರಂದು ಪ್ಯಾರಿಸ್ಸಿನಿಂದ ಲಂಡನ್ನಿಗೆ ಹೊರಟ ಟರ್ಕಿಯ ಡಿಸಿ-10 ವಿಮಾನ ಎರ್ಮನೊನ್‌ವಿಲ್ ಕಾಡಿನಲ್ಲಿ ಬಿದ್ದು 346 ಜನ ಸತ್ತರು. ಆವರೆಗಿನ ವಿಮಾನ ದುರಂತಗಳಲ್ಲಿ ಅದೇ ದೊಡ್ಡದು. ಹಾಡಿನ ಹಿಂದೆ ಇರುವುದು ಈ ಅಪಘಾತ ಎನ್ನುತ್ತಾರೆ. ಸರಕು ತುಂಬುವ ಬಾಗಿಲು ಆಕಾಶದಲ್ಲಿ ಕಿತ್ತುಹೋದದ್ದು ಕಾರಣ. ಆ ಬಾಗಿಲಿನ ದೋಷ ಹೊಸದಾಗಿರಲಿಲ್ಲ. 1972ರಲ್ಲೇ ಅಮೆರಿಕಾದ ಒಂದು ಡಿಸಿ-10ರಲ್ಲಿ ಅದೇ ಬಾಗಿಲು ಹಾರಿಹೋಗಿ, ಆ ಸಲ ಪೈಲಟ್ ಹೇಗೋ ಇಳಿಸಿದ್ದರು. ವಿಮಾನದ ಒಡಲು ತಯಾರಿಸಿದ ಕಂಪನಿಯ ಎಂಜಿನಿಯರ್ ಒಬ್ಬರು ಇದು ಮತ್ತೆ ಆಗಿಯೇ ಆಗುತ್ತದೆ ಎಂದು ಟಿಪ್ಪಣಿ ಬರೆದು ಎಚ್ಚರಿಸಿದ್ದರು. ಟಿಪ್ಪಣಿ ಕಡತದಲ್ಲಿ ಉಳಿಯಿತು. ಲಂಡನ್ ಕಡೆಗೆ ಹೋಗಬೇಕಿದ್ದ ಎಷ್ಟೋ ಜನ ಬ್ರಿಟಿಷ್ ಯುರೋಪಿಯನ್ ಏರ್‌ವೇಸ್ ಮುಷ್ಕರದಿಂದಾಗಿ ಆ ವಿಮಾನ ಹತ್ತಿದ್ದರು. ಅವರಲ್ಲಿ ಈನೋ ಹುಟ್ಟಿದ ಸಫೋಕ್‌ನದೇ ಒಂದು ರಗ್ಬಿ ಕ್ಲಬ್ಬಿನ ಆಟಗಾರರೂ ಇದ್ದರು.

ಇಷ್ಟೆಲ್ಲ ಹಿನ್ನೆಲೆಯ ಹಾಡಿನಲ್ಲಿ ಒಂದು ಹನಿ ಕಣ್ಣೀರಿಲ್ಲ, ಒಂದು ಆರೋಪವೂ ಇಲ್ಲ. ಮೂಗಿನಿಂದ ಬರುವ ಹಗುರ ದನಿಯಲ್ಲಿ, ಪೂರ್ವ ದೇಶಕ್ಕೆ ಪ್ರವಾಸ ಹೊರಟವರ ಉಮೇದಿನಲ್ಲಿ ಈನೋ ಹಾಡುತ್ತಾರೆ. ಗ್ಲ್ಯಾಮ್ ಅವರಿಗೆ ಕಲಿಸಿದ್ದು ಇದನ್ನು. ಹಾಡುವವನು ನಾನಲ್ಲ, ಒಂದು ವೇಷ. ಟೂರಿಸ್ಟ್ ಏಜೆಂಟನ ನಗುಮುಖದ ವೇಷ ಹಾಕಿಕೊಂಡು ಸಾವಿನ ಸರಕು ಮಾರುತ್ತಾರೆ. ಗರಿ ಕಳಚಿಟ್ಟಿದ್ದಾರೆ, ವೇಷ ಬಿಟ್ಟಿಲ್ಲ. ಮುಂದಿನ ಹಾಡಿನಲ್ಲಿ ಕಾಡಿನಲ್ಲಿ ಸಿಕ್ಕಿಕೊಂಡ ಸಿಪಾಯಿಗಳು ವಾಲ್ಟ್ಸ್ ಲಯದಲ್ಲಿ ಕುಣಿಯುತ್ತಾರೆ, ಅದೂ ಹಾಗೆಯೇ.

ಸ್ಟುಡಿಯೋದಲ್ಲಿ ದಾರಿ ಕಾಣದೆ ಹೋದಾಗ ತಿರುವಿ ನೋಡಲೆಂದು ಅವರು ಇಸ್ಪೀಟಿನ ಎಲೆಯಂಥ ಕಾರ್ಡುಗಳ ಒಂದು ಕಟ್ಟು ಇಟ್ಟುಕೊಂಡಿದ್ದರು. ಒಂದೊಂದರ ಮೇಲೆ ಒಂದೊಂದು ಓರೆಯ ಸಲಹೆ. ಯಾವುದು ಕೈಗೆ ಬಂದರೆ ಅದರಂತೆ ನಡೆಯುವುದು. ಚಿತ್ರಕಾರ ಪೀಟರ್ ಸ್ಮಿಟ್ ಅವರೊಂದಿಗೆ ಸೇರಿ 1975ರಲ್ಲಿ ಅದನ್ನು 'ಆಬ್ಲೀಕ್ ಸ್ಟ್ರಾಟಜೀಸ್' ಎಂದು ಪ್ರಕಟಿಸಿದರು. ಎಲ್ಪಿಯ ಹೊದಿಕೆಯ ಚಿತ್ರಗಳೂ ಸ್ಮಿಟ್ ಅವರವೇ. ಅಂಥ 1500 ಅಚ್ಚುಗಳನ್ನು ಒಂದರಂತೆ ಇನ್ನೊಂದು ಇರದ ಹಾಗೆ ತೆಗೆದಿದ್ದರು. ಈ ಎಲ್ಪಿಯ ಕೆಲಸ ನಡೆಯುವ ಸಮಯಕ್ಕೆ ಜೆನೆಸಿಸ್ ತಂಡವೂ ಅದೇ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿತ್ತು. ಅವರ ಹಾಡುಗಾರನ ದನಿಗೆ ಈನೋ ಒಂದಿಷ್ಟು ಯಂತ್ರದ ಕರಾಮತ್ತು ಮಾಡಿಕೊಟ್ಟರು. ಅದರ ಕೂಲಿಗೆ ಬದಲಾಗಿ ಜೆನೆಸಿಸ್‌ನವರು ತಮ್ಮ ಡ್ರಮ್ ವಾದಕನನ್ನು ಒಂದು ಹಾಡಿಗೆ ಕಳಿಸಿಕೊಟ್ಟರು. ಹಾಗೆ ಬಂದ ಆಳು ಫಿಲ್ ಕಾಲಿನ್ಸ್. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯೇ ಅನ್ನಿ.

ಇಷ್ಟು ಹೊಗಳಿದ ಮೇಲೆ ಒಂದು ತಕರಾರನ್ನೂ ಹೇಳಬೇಕು. 'ಚೈನಾ ಮೈ ಚೈನಾ' ಹಾಡಿನಲ್ಲಿ ಟೈಪ್‌ರೈಟರಿನ ಕೀಲಿಗಳು ತಾಳವಾದ್ಯದ ತನಿಯಂತೆ ಪಟಪಟನೆ ಬರುವ ಭಾಗ ಸೊಗಸಾಗಿದೆ. ಗುಮಾಸ್ತರ ಯಂತ್ರದಿಂದ ಯುದ್ಧದ ಸದ್ದು ಹೊರಡುತ್ತದೆ. ಆದರೆ ಆ ಹಾಡಿನ ಚೀನಾ ಎಲ್ಲಿದೆ? ಅದು ಚೈನಾಟೌನಿನ ಚಿತ್ರಕಾರ್ಡಿನಲ್ಲೇ ಇದೆ. 1974 ಎಂದರೆ ಸಾಂಸ್ಕೃತಿಕ ಕ್ರಾಂತಿ ಇನ್ನೂ ನಡೆಯುತ್ತಿದ್ದ ಕಾಲ. ಮೇಷ್ಟ್ರುಗಳನ್ನು ಶಿಷ್ಯರೇ ಬೀದಿಗೆಳೆದು ಅವಮಾನ ಮಾಡಿದ್ದ, ಓದಿದ ಹುಡುಗರನ್ನು ಹಳ್ಳಿಗಾಡಿಗೆ ಸಾಗಹಾಕಿದ್ದ ದೇಶ. ಎಂಟು ಮಾದರಿ ಕೃತಿಗಳು ಮೆರೆದದ್ದು ಹಳೆಯ ನಾಟಕಗಳನ್ನು ನಿಷೇಧಿಸಿ, ಹಳೆಯ ನಟರ ಬದುಕು ಹಾಳುಮಾಡಿದ್ದರಿಂದ. ಆ ವರ್ಷ ಅಲ್ಲಿ ಕನ್‌ಫ್ಯೂಷಿಯಸನ ವಿರುದ್ಧ ಸರಕಾರಿ ಅಭಿಯಾನವೇ ನಡೆದಿತ್ತು. ಇದರ ಒಂದು ಎಳೆಯೂ ತಟ್ಟೆಯಲ್ಲಿಲ್ಲ. ವೇಷ ಹಾಕಿ ಹಾಡುವವನು ತನ್ನೂರಿನ ಜಾಹೀರಾತಿನವನನ್ನು ಆಡಿದಾಗ ಒಳಗಿನ ಕೊಳಕು ಕಾಣುತ್ತದೆ. ದೂರದ ಚೀನೀಯನನ್ನು ಆಡಿದಾಗ ವೇಷ ಮಾತ್ರ ಕಾಣುತ್ತದೆ. ಪಶ್ಚಿಮದವರು ಪೂರ್ವವನ್ನು ಅಲಂಕಾರಕ್ಕೆ ಬಳಸಿಕೊಂಡ ಹಳೆಯ ಚಾಳಿಯಿಂದ ಈನೋ ಪೂರ್ತಿ ಹೊರಬಂದಿಲ್ಲ. ಕಾರ್ಡ್ಯೂ ಅವರ ಚೀನಾವೂ ಕಲ್ಪನೆಯದೇ, ಆದರೆ ಅವರು ಅದನ್ನು ನಂಬಿದ್ದರು. ಯಾವುದು ವಾಸಿ ಎಂದು ನೀವೇ ಹೇಳಿ.

ಹೊರಬಂದಾಗ ತಟ್ಟೆ ಬ್ರಿಟನ್ನಿನಲ್ಲಾಗಲಿ ಅಮೆರಿಕಾದಲ್ಲಾಗಲಿ ಮಾರಾಟದ ಪಟ್ಟಿ ಹತ್ತಲಿಲ್ಲ. ಆದರೆ ಎರಡನೆಯ ಬದಿಯ ಮೊದಲ ಹಾಡು 'ಥರ್ಡ್ ಅಂಕಲ್' ಕೇಳಿದರೆ, ಎರಡು ವರ್ಷದ ನಂತರ ಬರಲಿದ್ದ ಪಂಕ್ ಸಂಗೀತ ಆಗಲೇ ಬಾಗಿಲು ಬಡಿಯುವುದು ಕೇಳುತ್ತದೆ. 1982ರಲ್ಲಿ ಬೌಹೌಸ್ ತಂಡ ಅದನ್ನು ಮತ್ತೆ ಹಾಡಿತು. ಹುಲಿಗುಡ್ಡದ ಕಥೆಯನ್ನು ಹಾಂಗ್‌ಕಾಂಗಿನ ನಿರ್ದೇಶಕ ಟ್ಸುಯ್ ಹಾರ್ಕ್ 2014ರಲ್ಲಿ ತ್ರೀಡಿ ಸಿನಿಮಾ ಮಾಡಿದರು, ಈ ಸಲ ಹುಲಿ ಕಂಪ್ಯೂಟರಿನದು. ಈನೋ ಅವರಂತೂ ಮರುವರ್ಷವೇ ಹಾಡುಗಳನ್ನು ಕಡಿಮೆ ಮಾಡಿ ಪದವಿಲ್ಲದ ಸಂಗೀತದ ಕಡೆ ಹೊರಳಿದರು. ಮುಂದಿನ ದಶಕಗಳಲ್ಲಿ ಯುದ್ಧವಿರೋಧಿ ಚಳವಳಿಗಳಲ್ಲಿ ನೇರವಾಗಿಯೇ ನಿಂತರು, ಭಾಷಣ ಮಾಡಿದರು, ಪತ್ರಗಳಿಗೆ ಸಹಿ ಹಾಕಿದರು. ಆ ರಾಜಕೀಯವನ್ನು ಹೆಚ್ಚಾಗಿ ಗದ್ಯದಲ್ಲೇ ಇಟ್ಟುಕೊಂಡರು, ಹಾಡಿಗೆ ತಂದದ್ದು ಅಪರೂಪ.

ಕೇಳಬೇಕೆನ್ನುವವರಿಗೆ ಒಂದು ಮಾತು. ಮೊದಲ ಬದಿಯ ಕೊನೆಗೆ 'ದ ಗ್ರೇಟ್ ಪ್ರಿಟೆಂಡರ್' ಹಾಡು ಮುಗಿದ ಮೇಲೂ ಜೀರುಂಡೆಯಂಥ ಸದ್ದು ಉಳಿಯುತ್ತದೆ. ಹಳೆಯ ಎಲ್ಪಿಯಲ್ಲಿ ಅದನ್ನು ಕೊನೆಯ ಗೀರಿನವರೆಗೂ ಕೊರೆದಿದ್ದರಿಂದ, ನೀವಾಗಿ ಎದ್ದು ಮುಳ್ಳು ಎತ್ತುವ ತನಕ ಅದು ನಿಲ್ಲುವುದೇ ಇಲ್ಲ. ಫೋನಿನಲ್ಲಿ ಕೇಳುವವರಿಗೆ ಈ ಕಾಟ ಇಲ್ಲ, ಮುಂದಿನ ಹಾಡು ತಾನಾಗಿ ಬರುತ್ತದೆ. ನನ್ನನ್ನು ಕೇಳಿದರೆ ಎರಡನೆಯ ಬದಿಯಿಂದ ಶುರುಮಾಡಿ, ಜೋಗುಳ ಎರಡನೆಯದು. ಪಿಟೀಲು ಬಂದಾಗ ವಾಲ್ಯೂಮ್ ತಗ್ಗಿಸಬೇಡಿ.